ಬನವಾಸಿವರೆಗೂ ಆಳಿದ್ದ ಆಳುಪ ಅರಸ ಚಿತ್ರವಾಹನ: ಉದ್ಯಾವರದ ಕಲ್ಲುಗಳು ಹೇಳೋದೇನು?

ಉಡುಪಿ: ಮಂಗಳೂರು ಬಸ್ಸಲ್ಲಿ ಹೋಗುವ ಹೆಚ್ಚಿನವರಿಗೆ ಉದ್ಯಾವರ ಅಂದ್ರೆ ಹೊಳೆ, ಸೇತುವೆ, ಒಂದು ಸ್ಟಾಪ್ ಅಷ್ಟೇ. ಈಗ ಕಾಪು ತಾಲೂಕಿಗೆ ಸೇರಿರುವ ಈ ಊರಿಗೆ ಹಳೇ ಶಾಸನಗಳಲ್ಲಿ ಇರುವ ಹೆಸರು ಉದಯಪುರ. ಬಾರ್ಕೂರಿನ ವೈಭವ ಶುರುವಾಗೋ ಮೊದಲು ತುಳುನಾಡಿನ ಆಳುಪ ಅರಸರ ರಾಜಧಾನಿ ಇದೇ ಆಗಿತ್ತು.

ಆಳುಪರಲ್ಲಿ ಘಟ್ಟದ ಮೇಲೂ ಹೆಸರು ಮಾಡಿದವನು ಒಂದನೇ ಚಿತ್ರವಾಹನ. ಕಾಲ ಏಳನೇ ಶತಮಾನದ ಕೊನೆ, ಎಂಟರ ಆರಂಭ. ತಂದೆ ಗುಣಸಾಗರ ಕದಂಬ ಮಂಡಲವನ್ನು ಆಳುತ್ತಿದ್ದ ಅನ್ನುತ್ತದೆ ಶೃಂಗೇರಿ ಹತ್ತಿರದ ಕಿಗ್ಗದ ಶಾಸನ. ಅಂದರೆ ಬನವಾಸಿ ಕಡೆಯ ನಾಡು. ಮಗನೂ ಆ ಹಿಡಿತ ಬಿಡಲಿಲ್ಲ. ಬಾದಾಮಿ ಚಾಲುಕ್ಯ ವಿನಯಾದಿತ್ಯ ಕೊಟ್ಟ ಎರಡು ದಾನಗಳು, 692ರ ಸೊರಬ ತಾಮ್ರಪಟ ಮತ್ತು 694ರ ಹರಿಹರ ತಾಮ್ರಪಟದವು, ಆಳುಪ ಅರಸನ ಕೋರಿಕೆ ಮೇರೆಗೇ ಆದವು. ಚಕ್ರವರ್ತಿ ಹತ್ತಿರ ಮಾತು ನಡೀತಿತ್ತು ಅಂತಾಯ್ತು.

ಸಂಬಂಧ ಅಷ್ಟಕ್ಕೇ ನಿಲ್ಲಲಿಲ್ಲ. ವಿನಯಾದಿತ್ಯನ ಮಗ ವಿಜಯಾದಿತ್ಯನ ತಂಗಿ ಕುಂಕುಮ ಮಹಾದೇವಿ ಚಿತ್ರವಾಹನನ ರಾಣಿ. ಪುಲಿಗೆರೆಯಲ್ಲಿ, ಅಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ, ಆಕೆ ಬಸದಿ ಕಟ್ಟಿಸಿದಳು. 707-08ರ ಶಿಗ್ಗಾಂವಿ ತಾಮ್ರಪಟದ ಪ್ರಕಾರ, ವಿಜಯಾದಿತ್ಯ ಆಳುಪ ಅರಸನನ್ನು ನೋಡೋಕೆ ಖುದ್ದು ಬನವಾಸಿಗೆ ಬಂದಿದ್ದ. ಬಸದಿಗೆ ಗುಡಿಗೇರಿ ಗ್ರಾಮದ ದಾನ ಆದದ್ದು ಆಗಲೇ. ಸಾಮಂತನ ಮನೆ ಬಾಗಿಲಿಗೆ ಸಾಮ್ರಾಟ ಬರೋದು ಸಣ್ಣ ಮಾತಲ್ಲ.

ಚಿತ್ರವಾಹನನ ನಂತರ ಬಂದವನು ಎರಡನೇ ಆಳುವರಸ. ಕಾರ್ಕಳ ರಸ್ತೆಯ ಬೆಳ್ಮಣ್ಣಿನಲ್ಲಿ ಸಿಕ್ಕಿದ, ಜೋಡಿ ಮೀನಿನ ಲಾಂಛನ ಇರುವ ತಾಮ್ರಪಟ ಇವನದ್ದು. ಕನ್ನಡ ಭಾಷೆಯ ಅತಿ ಹಳೆಯ ತಾಮ್ರಪಟ ಅಂತ ಹೆಸರಾಗಿರೋದು ಇದೇ.

ಆಮೇಲೆ ಮನೆಯೊಳಗೇ ಜಗಳ. ಎಂಟನೇ ಶತಮಾನದ ಕೊನೆ ಭಾಗದಲ್ಲಿ ಎರಡನೇ ಚಿತ್ರವಾಹನ, ರಣಸಾಗರ, ಶ್ವೇತವಾಹನ, ಹೀಗೆ ಒಂದೇ ವಂಶದವರು ಉದಯಪುರಕ್ಕಾಗಿ ಹೊಡೆದಾಡಿಕೊಂಡರು. ಯಾವ ಕಾವ್ಯದಲ್ಲೂ ಈ ಕತೆ ಇಲ್ಲ. ಗೊತ್ತಾಗೋದು ಉದ್ಯಾವರದ ಶಂಭುಕಲ್ಲು ದೇವಸ್ಥಾನದ ಬಳಿಯ ಶಾಸನ ಕಲ್ಲುಗಳಿಂದ ಮಾತ್ರ. ಒಬ್ಬ ಅರಸ ಪಟ್ಟಣದೊಳಗೆ ನುಗ್ಗಿದಾಗ ಇನ್ನೊಬ್ಬನ ಆಳು ಕಾದಾಡಿ ಸತ್ತ ಅಂತ ಅವನ ಹೆಸರು ಹಾಕಿ ನಿಲ್ಲಿಸಿದ ವೀರಗಲ್ಲುಗಳು ಅವು. ಹುಲ್ಟ್ಶ್ ಇವನ್ನು ಓದಿ ಎಪಿಗ್ರಾಫಿಯಾ ಇಂಡಿಕಾದ 9ನೇ ಸಂಪುಟದಲ್ಲಿ ಪ್ರಕಟಿಸಿದ್ದರಿಂದ ಆ ಸಾಮಾನ್ಯ ಸೈನಿಕರ ಹೆಸರು ಇವತ್ತಿಗೂ ಓದೋಕೆ ಸಿಗುತ್ತದೆ. ಆಳುಪರ ರಾಜಧಾನಿ ಮುಂದೆ ಮಂಗಳೂರಿಗೆ, ಬಾರ್ಕೂರಿಗೆ ಹೋಯಿತು.