ಪಂಕ್ತಿ ಒಂದಾದರೆ ಸಾಲದು

ಧರ್ಮ ಬೇರೆ, ಧರ್ಮದ ಹೆಸರಿನ ರಾಷ್ಟ್ರವಾದ ಬೇರೆ. ಮೊದಲನೆಯದು ಹಸಿದವನಿಗೆ ಮುದ್ದೆ ಇಕ್ಕಬಲ್ಲದು. ಎರಡನೆಯದು ಮುದ್ದೆ ಇಕ್ಕುವ ಮೊದಲು ನೀನು ಯಾರವನು ಅಂತ ಕೇಳುತ್ತದೆ. ಈ ವ್ಯತ್ಯಾಸ ತಿಳಿಯಲು ದೂರ ಹೋಗಬೇಕಾಗಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಚರಿತ್ರೆಯನ್ನು ಕೇರಿಯ ಕಡೆಯಿಂದ ನಿಂತು ಓದಿದರೆ ಸಾಕು.

ಕುಣಿಗಲ್ ತಾಲ್ಲೂಕಿನ ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕೂತವನು ತೋಂಟದ ಸಿದ್ಧಲಿಂಗ ಯತಿ. ಅವನ ವಚನಗಳು ೭೦೧. ಗದ್ದುಗೆ ಇರುವುದು ಎಡೆಯೂರಿನಲ್ಲಿ. ಅವನ ಶಿಷ್ಯ, ತುಮಕೂರಿನ ಪಕ್ಕದ ಗೂಳೂರಿನ ಸಿದ್ಧವೀರಣ್ಣೊಡೆಯ, ಹದಿನಾರನೆಯ ಶತಮಾನದಲ್ಲಿ ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದ. ಆ ಗ್ರಂಥದಲ್ಲಿ ಬಟ್ಟೆ ಒಗೆಯುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ, ಚೆಲ್ಲಿದ ಅಕ್ಕಿ ಆಯುವ ಮಾರಯ್ಯ, ಅವನ ಹೆಂಡತಿ ಲಕ್ಕಮ್ಮ ದೊಡ್ಡ ದೊಡ್ಡ ಶರಣರಿಗೆ ಎದುರು ಕೂತು ವಾದ ಮಾಡುತ್ತಾರೆ. ದುಡಿಯುವವರ ಬಾಯಿಗೆ ಮಾತು ಬಂದದ್ದೇ ಆ ಧರ್ಮದ ಜೀವ. ಬಾಯಿ ಮುಚ್ಚಿಸುವುದಕ್ಕೆ ಅದೇ ಧರ್ಮವನ್ನು ಬಳಸಿಕೊಂಡದ್ದು ಆಮೇಲಿನ ಕತೆ.

ಇದೇ ಪರಂಪರೆಯ ಡಂಬಳ-ಗದಗ ಮಠಕ್ಕೆ ೧೯೭೪ರಲ್ಲಿ ಬಂದ ಸಿದ್ಧಲಿಂಗ ಸ್ವಾಮಿಗಳು ಕೋಮುವಾದದ ವಿರುದ್ಧ ಬಹಿರಂಗವಾಗಿ ಮಾತಾಡಿದವರು. ಕೇಂದ್ರ ಸರ್ಕಾರದ ಕೋಮು ಸೌಹಾರ್ದ ಪ್ರಶಸ್ತಿ ಅವರಿಗೆ ಸಂದಿತು. ೨೦೧೧ರಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗಾಗಿ ಗದಗ ಜಿಲ್ಲೆಯ ರೈತರ ಹೊಲಗಳಿಗೆ ಕಣ್ಣು ಬಿದ್ದಾಗ ರೈತರ ಜೊತೆ ನಿಂತರು. ೨೦೧೮ರ ಅಕ್ಟೋಬರ್ ೨೦ರಂದು ತೀರಿಕೊಂಡರು. ಶಾಂತಿ ಅಂದರೆ ಸುಮ್ಮನಿರುವುದು ಅಂತ ಅವರು ತಿಳಿಯಲಿಲ್ಲ. ಸೌಹಾರ್ದದ ಮಾತಾಡುತ್ತ ರೈತನ ಭೂಮಿ ಹೋಗುವಾಗ ಕಣ್ಣು ಮುಚ್ಚುವುದು ಪೂಜೆಯೂ ಅಲ್ಲ, ಧರ್ಮವೂ ಅಲ್ಲ.

ತುಮಕೂರಿನ ಸಿದ್ಧಗಂಗೆಯದು ಇನ್ನೊಂದು ಬಗೆ. ೧೯೪೧ರಿಂದ ಮಠ ನಡೆಸಿ ೨೦೧೯ರ ಜನವರಿ ೨೧ರಂದು ತೀರಿಕೊಂಡ ಶಿವಕುಮಾರ ಸ್ವಾಮಿಗಳು ಜಾತಿ ಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ನಮ್ಮ ಕೇರಿಯ ಹುಡುಗನೂ ಸಾಬರ ಹುಡುಗನೂ ಒಂದೇ ಸಾಲಿನಲ್ಲಿ ಕೂತು ಉಂಡು ಓದಿದರು. ಇದು ಸಣ್ಣ ಕೆಲಸವಲ್ಲ. ಜೊತೆಯಲ್ಲಿ ಉಂಡವನ ಮೇಲೆ ಕಲ್ಲು ಎತ್ತುವುದು ಕಷ್ಟ.

ಗುಬ್ಬಿಗೆ ೧೮೩೦ರ ದಶಕದ ಕೊನೆಗೆ ವೆಸ್ಲಿಯನ್ ಮಿಷನ್ನಿನವರು ಬಂದರು. ಬಂದದ್ದು ಸಾಮ್ರಾಜ್ಯದ ನೆರಳಿನಲ್ಲೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಇನ್ನೊಂದು ಮಾತನ್ನೂ ನೆನೆಯಬೇಕು. ೧೯೪೭ರ ಆಗಸ್ಟಿನಲ್ಲಿ ಧರ್ಮದ ಹೆಸರಲ್ಲಿ ದೇಶ ಎರಡಾಯಿತು. ಮರುತಿಂಗಳು ೨೭ರಂದು, ನೂರಾರು ವರ್ಷ ಬೇರೆ ಬೇರೆ ಇದ್ದ ಕ್ರೈಸ್ತ ಸಭೆಗಳು ಸೇರಿ ದಕ್ಷಿಣ ಇಂಡಿಯಾ ಸಭೆಯಾಯಿತು. ಹೀಗೆ ಕೂಡಿ ಬಾಳಲು ಹೊರಟವರಲ್ಲೂ ದಲಿತರ ಪಾಲಿಗೆ ಬಂದದ್ದೇನು? ೧೯೫೦ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಹಕ್ಕನ್ನು ಹಿಂದೂಗಳಿಗೆ ಕಟ್ಟಿಹಾಕಿತು. ೧೯೫೬ರಲ್ಲಿ ಸಿಖ್ಖರಿಗೆ, ೧೯೯೦ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತ, ಮುಸ್ಲಿಂ ದಲಿತರಿಗೆ ತೆರೆಯಲಿಲ್ಲ. ದೇವರು ಬದಲಾದರೆ ಜಾತಿ ಹೋಗುವುದಿಲ್ಲ, ಹಕ್ಕು ಮಾತ್ರ ಹೋಗುತ್ತದೆ. ಇದ್ಯಾವ ನ್ಯಾಯ?

ಹಳ್ಳಿಗಳ ಚರಿತ್ರೆ ಮಠ, ಮಿಷನ್ನುಗಳಿಗಿಂತ ಗಟ್ಟಿಯಾದದ್ದು. ಮೊಹರಂ ನಮ್ಮ ಜನಕ್ಕೆ ಬಾಬಯ್ಯನ ಹಬ್ಬ. ಎಷ್ಟೋ ಊರುಗಳಲ್ಲಿ ಹರಕೆ ಹೊತ್ತು ಬೆಂಕಿ ಹಾಯುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಯಾವ ಸ್ವಾಮಿಯೂ ಮುಲ್ಲಾನೂ ಇದನ್ನು ಅಪ್ಪಣೆ ಕೊಟ್ಟು ಮಾಡಿಸಿದ್ದಲ್ಲ. ೨೦೨೨ರಲ್ಲಿ ಕಾಪುವಿನ ಮಾರಿಗುಡಿಯ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳನ್ನು ಹೊರಗಿಟ್ಟರು. ಆ ಕೂಗು ನಾಡಿನ ತುಂಬ ಹಬ್ಬಿತು. ಆದರೂ ಅದೇ ಏಪ್ರಿಲ್ಲಿನಲ್ಲಿ ಬೇಲೂರು ಚೆನ್ನಕೇಶವನ ತೇರು ಹೊರಡುವ ಮುಂಚೆ ಕುರಾನಿನ ಪಠಣ ನಡೆಯಿತು. ಬೆಂಗಳೂರಿನ ಕರಗ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಹೋಗಿಯೇ ಬಂತು. ಜಾತ್ರೆಯಲ್ಲಿ ಬಳೆ ಮಾರುವವನ ಹೊಟ್ಟೆಗೆ ಹೊಡೆಯುವುದು ಯಾವ ದೇವರ ಸೇವೆ ಅಂತ ಜನ ಕೇಳಿಕೊಂಡಾಗ ಹೀಗಾಗುತ್ತದೆ.

ಇನ್ನು ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ. ೨೦೧೯ರ ಸೆಪ್ಟೆಂಬರಿನಲ್ಲಿ ಇದೇ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿ ಗೊಲ್ಲರಹಟ್ಟಿಗೆ ಚಿತ್ರದುರ್ಗದ ಸಂಸದ ಎ. ನಾರಾಯಣಸ್ವಾಮಿ ಹೋದರು. ದಲಿತರೆಂದು ಹಟ್ಟಿಯೊಳಕ್ಕೆ ಬಿಡಲಿಲ್ಲ. ಅವರು ಹಿಂದೂ ಐಕ್ಯದ ಮಾತಾಡುವ ಪಕ್ಷದಿಂದಲೇ ಗೆದ್ದವರು. ಹಟ್ಟಿಯ ಗೊಲ್ಲರೂ ಬಡವರೇ, ಹಿಂದುಳಿದವರೇ. ಬಡವನ ಕೈಯಿಂದಲೇ ಬಡವನನ್ನು ತಡೆಸುವುದು ಜಾತಿಯ ಹಳೇ ಕಸುಬು. ಸಾಬರ ಮೇಲೆ ಕೂಗಲು ಬೇಕಾದಾಗ ನಾವು ಹಿಂದೂಗಳು, ಊರೊಳಕ್ಕೆ ಬರುವಾಗ ಹೊಲೆ ಮಾದಿಗರು. ಧಾರ್ಮಿಕ ರಾಷ್ಟ್ರವಾದದ ಒಳಗುಟ್ಟು ಇಷ್ಟೇ.

ಆದ್ದರಿಂದ ಶಾಂತಿ ಸಭೆಯ ವೇದಿಕೆಯಲ್ಲಿ ಸ್ವಾಮಿ, ಮೌಲ್ವಿ, ಪಾದ್ರಿ ಕೈ ಕೈ ಹಿಡಿದು ನಿಂತರೆ ಸಾಲದು. ಬಾವಿ, ಗುಡಿ, ಹೋಟೆಲಿನ ಲೋಟ, ಕಡೆಗೆ ಸ್ಮಶಾನದ ದಾರಿಯ ಬಗ್ಗೆಯೂ ಅವರು ಬಾಯಿ ಬಿಡಬೇಕು. ಮಠದ ಪಂಕ್ತಿಯಲ್ಲಿ ಒಟ್ಟಿಗೆ ಉಂಡ ಹುಡುಗರು ಊರಿಗೆ ಹೋದ ಮೇಲೆ ಬೇರೆ ಬೇರೆ ಲೋಟ ಹಿಡಿದರೆ ಆ ಪಂಕ್ತಿ ಸೋತಂತೆ. ಜಾತಿಯನ್ನು ಹಾಗೇ ಉಳಿಸಿಕೊಂಡು ಕೋಮುವಾದವನ್ನು ಸೋಲಿಸಲು ಆಗುವುದಿಲ್ಲ. ಎರಡರ ಬೇರೂ ಒಂದೇ: ಇವನು ನಮ್ಮವನಲ್ಲ ಅನ್ನುವ ಮಾತು.

ಹಳ್ಳಿಯ ಮೇಷ್ಟರು ಇಲ್ಲಿ ಮಾಡಬಹುದಾದ ಕೆಲಸ ಬಹಳ ಇದೆ. ನಿಮ್ಮೂರ ಬಾಬಯ್ಯನ ಗುಡಿ ಕಟ್ಟಿದವರು ಯಾರು, ಜಾತ್ರೆಗೆ ತಮಟೆ ಬಡಿದವರು ಯಾರು, ತೇರಿನ ಹಗ್ಗ ಮುಟ್ಟಲು ಬಿಡದೆ ಇದ್ದದ್ದು ಯಾರನ್ನು ಅಂತ ಮಕ್ಕಳ ಕೈಲಿ ಅಜ್ಜ ಅಜ್ಜಿಯರನ್ನು ಕೇಳಿಸಿ, ಬರೆಸಿ. ಕೂಡಿ ಬಾಳಿದ್ದೂ ದೂರ ಇಟ್ಟಿದ್ದೂ ಒಂದೇ ಪುಟದಲ್ಲಿ ಬರಲಿ. ಆ ಪುಟ ಓದಿದ ಮಗು ಕಲ್ಲು ಎತ್ತುವ ಮೊದಲು ಒಂದು ಸಲ ಯೋಚಿಸುತ್ತದೆ.