ಗಾಜಿನ ಹೊರಗೋಡೆಯುಳ್ಳ ಕಟ್ಟಡದ ನಕ್ಷೆ: ತಂತ್ರಾಂಶದಲ್ಲಿ ಚೌಕಟ್ಟುಗಳನ್ನು ಹೊಂದಿಸುವ ಕುರಿತು ಮಾಹಿತಿ

ಬಹುಮಹಡಿ ಕಟ್ಟಡದ ನಕ್ಷೆ ಮಂಜೂರಾತಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರು ಹಾಗೂ ಅವರ ಪರವಾಗಿ ನಕ್ಷೆ ಸಿದ್ಧಪಡಿಸುವವರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಕರ್ಟನ್ ವಾಲ್ ಎಂದು ಕರೆಯಲಾಗುವ ಗಾಜಿನ ಹೊರಗೋಡೆಯು ಕಟ್ಟಡದ ಭಾರವನ್ನು ಹೊರುವುದಿಲ್ಲ. ತನ್ನ ತೂಕವನ್ನೂ ಗಾಳಿಯ ಒತ್ತಡವನ್ನೂ ಚೌಕಟ್ಟಿನ ಮೂಲಕ ಕಟ್ಟಡಕ್ಕೆ ವರ್ಗಾಯಿಸುತ್ತದೆ. ರೆವಿಟ್ ತಂತ್ರಾಂಶದಲ್ಲಿ ಈ ಗೋಡೆಯು ಗ್ರಿಡ್ ರೇಖೆ, ಅದರ ಮೇಲೆ ಕೂರುವ ಮಲಿಯನ್ ಎಂಬ ಚೌಕಟ್ಟಿನ ಪಟ್ಟಿ ಮತ್ತು ನಡುವಿನ ಪ್ಯಾನೆಲ್‌ಗಳಿಂದ ಕೂಡಿರುತ್ತದೆ.

ರೇಖೆಗಳ ಅಂತರ

ಅಂತರವನ್ನು ಗೋಡೆಯ ಮಾದರಿಯ ಗುಣಲಕ್ಷಣಗಳಲ್ಲಿ ನಿಗದಿಪಡಿಸತಕ್ಕದ್ದು. 9,200 ಮಿ.ಮೀ. ಉದ್ದದ ಗೋಡೆಗೆ 1,500 ಮಿ.ಮೀ. ಸ್ಥಿರ ಅಂತರವನ್ನು ನೀಡಿದಲ್ಲಿ ಆರು ಭಾಗಗಳ ನಂತರ 200 ಮಿ.ಮೀ. ಅಗಲದ ಕಿರುಪಟ್ಟಿ ಉಳಿಯುತ್ತದೆ. ಗರಿಷ್ಠ ಅಂತರ ಎಂಬ ಆಯ್ಕೆಯಲ್ಲಿ ಅದೇ ಗೋಡೆಯು ಸುಮಾರು 1,314 ಮಿ.ಮೀ.ನ ಏಳು ಸಮಭಾಗಗಳಾಗುತ್ತದೆ. ಮಾದರಿಯಲ್ಲಿ ಮಾಡಿದ ಬದಲಾವಣೆಯು ಆ ಮಾದರಿಯ ಎಲ್ಲ ಗೋಡೆಗಳಿಗೂ ಅನ್ವಯವಾಗುವುದರಿಂದ, ಮೊದಲು ಮಾದರಿಯ ಪ್ರತಿಯನ್ನು ಮಾಡಿಕೊಳ್ಳುವುದು ಕ್ಷೇಮಕರ.

ಒಂದೇ ಪಟ್ಟಿಯ ಬದಲಾವಣೆ

ಮಾದರಿಯಿಂದ ಮೂಡಿದ ರೇಖೆ ಮತ್ತು ಪಟ್ಟಿಗಳು ಪಿನ್ ಆಗಿರುತ್ತವೆ. ಟ್ಯಾಬ್ ಕೀಲಿಯ ನೆರವಿನಿಂದ ಬೇಕಾದುದನ್ನು ಆಯ್ದು, ಪಿನ್ ತೆಗೆದ ನಂತರವೇ ತಿದ್ದಲು ಸಾಧ್ಯ. ಪಟ್ಟಿಯನ್ನಷ್ಟೇ ಅಳಿಸಿದರೆ ಎರಡು ಪ್ಯಾನೆಲ್‌ಗಳು ಒಂದಾಗುವುದಿಲ್ಲ. ಗ್ರಿಡ್ ರೇಖೆಯ ಆ ತುಂಡನ್ನೂ ತೆಗೆಯತಕ್ಕದ್ದು. ಸಾಮಾನ್ಯ ಕಿಟಕಿಯನ್ನು ಈ ಗೋಡೆಯಲ್ಲಿ ಕೂರಿಸಲಾಗದು. ಪ್ಯಾನೆಲ್ಲನ್ನೇ ಕರ್ಟನ್ ವಾಲ್ ಕಿಟಕಿಯ ಮಾದರಿಗೆ ಬದಲಿಸಬೇಕಾಗುತ್ತದೆ.

ಬೆಂಕಿ ಅವಘಡದಲ್ಲಿ ತೆರೆಯುವ ಪ್ಯಾನೆಲ್

ಅರ್ಜಿದಾರರು ಹೆಚ್ಚಿನ ಗಮನ ನೀಡಬೇಕಾದ ಅಂಶವಿದು. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೆಯ ಭಾಗದ ಪ್ರಕಾರ, ಗಾಜಿನ ಮುಖವುಳ್ಳ ಕಟ್ಟಡದ ಪ್ರತಿ ಮಹಡಿಯಲ್ಲಿ ಹೊರಕ್ಕೆ ತೆರೆಯುವ, 1,000 x 1,000 ಮಿ.ಮೀ.ಗೆ ಕಡಿಮೆಯಿಲ್ಲದ ಪ್ಯಾನೆಲ್‌ಗಳಿರಬೇಕು. ಅವುಗಳ ಮಧ್ಯಬಿಂದುಗಳ ನಡುವಿನ ಅಂತರ 10 ಮೀಟರ್ ಮೀರಬಾರದು. ಹೊಗೆ ತುಂಬಿದಾಗ ಅಗ್ನಿಶಾಮಕ ಸಿಬ್ಬಂದಿ ಒಳಬರಲು ಹಾಗೂ ಸಿಲುಕಿದವರು ಹೊರಬರಲು ಇವೇ ದಾರಿ.

ತಂತ್ರಾಂಶದಲ್ಲಿ ಗ್ರಿಡ್ ಅಂತರವನ್ನು ಒಂದು ರೇಖೆಯಿಂದ ಇನ್ನೊಂದು ರೇಖೆಗೆ ಅಳೆಯಲಾಗುತ್ತದೆ, ತೆರವಿನ ಅಳತೆಯಾಗಿ ಅಲ್ಲ. 1,000 ಮಿ.ಮೀ. ಅಂತರಕ್ಕೆ 50 ಮಿ.ಮೀ. ಅಗಲದ ಪಟ್ಟಿಗಳು ರೇಖೆಯ ಮಧ್ಯದಲ್ಲಿ ಕುಳಿತರೆ ಉಳಿಯುವುದು 950 ಮಿ.ಮೀ. ಮಾತ್ರ, ತೆರೆಯುವ ಚೌಕಟ್ಟಿನ ಅಗಲ ಕಳೆದರೆ ಇನ್ನೂ ಕಡಿಮೆ. ನಕ್ಷೆಯಲ್ಲಿ ಸರಿಯಾಗಿ ಕಾಣುವ ಈ ಕೊರತೆಯನ್ನು ಗಾಜು ಜೋಡಿಸಿದ ಮೇಲೆ ಸರಿಪಡಿಸುವುದು ಬಹಳ ದುಬಾರಿ. ಆದ್ದರಿಂದ ಅಂತಹ ಪ್ಯಾನೆಲ್ ಬರುವಲ್ಲಿ ರೇಖೆಗಳ ಪಿನ್ ತೆಗೆದು, ಅಡ್ಡ ಮತ್ತು ಲಂಬ ಎರಡೂ ದಿಕ್ಕಿನಲ್ಲಿ ಅಂತರವನ್ನು ಹಿಗ್ಗಿಸಿ, ತೆರವಿನ ಅಳತೆಯನ್ನೇ ನಕ್ಷೆಯಲ್ಲಿ ನಮೂದಿಸತಕ್ಕದ್ದು. ಸ್ಥಳೀಯ ಸಂಸ್ಥೆಯ ಉಪವಿಧಿಗಳು ಬೇರೆ ಅಳತೆಯನ್ನು ವಿಧಿಸಿದ್ದಲ್ಲಿ ಅದನ್ನು ಪಾಲಿಸತಕ್ಕದ್ದು.

ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ 2017ರ ನಿಗದಿತ ವಿಧಾನದಲ್ಲಿ ಗೋಡೆಯ ಒಟ್ಟು ವಿಸ್ತೀರ್ಣದಲ್ಲಿ ಕಿಟಕಿ-ಗಾಜಿನ ಪಾಲು ಶೇ. 40ನ್ನು ಮೀರುವಂತಿರಲಿಲ್ಲ. ಈ ಲೆಕ್ಕದಲ್ಲಿ ಚೌಕಟ್ಟೂ ಸೇರುವುದರಿಂದ, ಬರೀ ಗಾಜಿನ ವಿಸ್ತೀರ್ಣವನ್ನು ತೋರಿಸುವ ಪಟ್ಟಿಯನ್ನು ಲಗತ್ತಿಸಬಾರದು.