ಹಣ ಕೇಳಲು ಹೊರಟ ಮುದ್ರಕ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದೂರವಾಣಿ ಮಾಡಿದ್ದನು. ಕ್ರೈಸ್ತ ಸಭಾಪಾಲಕರನ್ನು ತರಬೇತುಗೊಳಿಸುವ ಒಂದು ಸೆಮಿನರಿಯ ಆಡಳಿತ ಮಂಡಳಿಯಲ್ಲಿ ಅವನು ಈಗ ಸದಸ್ಯನು. ದೇಣಿಗೆ ಸಂಗ್ರಹಕ್ಕೆಂದು ಅವರು ಒಬ್ಬ ಮುಖ್ಯಸ್ಥರನ್ನು ನೇಮಿಸಿಕೊಳ್ಳಬೇಕಾಗಿದೆ. ಕೊನೆಯ ಪಟ್ಟಿಯಲ್ಲಿ ಇಬ್ಬರು ಉಳಿದಿದ್ದರು. ಒಬ್ಬರು ಬ್ಯಾಂಕಿನಲ್ಲಿ ದುಡಿದು ಹಣವಂತರ ಪರಿಚಯ ಗಳಿಸಿದವರು. ಇನ್ನೊಬ್ಬರು ಅದೇ ಸೆಮಿನರಿಯಲ್ಲಿ ಓದಿ ಹಳ್ಳಿಯ ಸಭೆಗಳಲ್ಲಿ ಸೇವೆ ಮಾಡಿದವರು. "ಸರ್, ನೀವು ಇತಿಹಾಸ ಕಲಿಸಿದವರು. ಯಾರನ್ನು ಆರಿಸೋಣ, ಹೇಳಿ" ಎಂದನು.

ನನಗೆ ಕೂಡಲೇ ನೆನಪಾದದ್ದು ಸೆರಾಂಪುರದ ವಿಲಿಯಂ ವಾರ್ಡರು. ಅವನಿಗೆ ಅಂದು ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಸೆರಾಂಪುರವು ಕಲ್ಕತ್ತೆಯ ಉತ್ತರಕ್ಕೆ ಹೂಗ್ಲಿ ನದಿಯ ದಡದಲ್ಲಿರುವ ಊರು. ಅಂದು ಅದು ಡೆನ್ಮಾರ್ಕ್ ದೇಶದ ವಸಾಹತು. ಈಸ್ಟ್ ಇಂಡಿಯಾ ಕಂಪನಿಯು ಮಿಷನರಿಗಳನ್ನು ತನ್ನ ಸೀಮೆಯಲ್ಲಿ ಇರಗೊಡಿಸದಿದ್ದ ಕಾಲದಲ್ಲಿ ಡೇನರ ಆಶ್ರಯ ಪಡೆದು ಅಲ್ಲಿ ನೆಲೆಸಿದವರು ಮೂವರು: ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್ ಮತ್ತು ವಿಲಿಯಂ ವಾರ್ಡ್. ಕನ್ನಡಿಗರಾದ ನಮಗೆ ಕೇರಿಯವರು ಅಪರಿಚಿತರಲ್ಲ. ಅವರು ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣವು 1817ರಲ್ಲಿ ಸೆರಾಂಪುರದ ಮುದ್ರಣಾಲಯದಿಂದಲೇ ಹೊರಬಂದಿತು. ಆ ಮುದ್ರಣಾಲಯವನ್ನು ನೋಡಿಕೊಳ್ಳುತ್ತಿದ್ದವರು ವಾರ್ಡರು. ಇಂಗ್ಲೆಂಡಿನ ಡರ್ಬಿಯಲ್ಲಿ 1769ರಲ್ಲಿ ಹುಟ್ಟಿದ ಅವರು ಮೊದಲು ಮುದ್ರಕರೂ ಪತ್ರಿಕಾ ಸಂಪಾದಕರೂ ಆಗಿದ್ದರು.

ಈ ಮೂವರೂ ಒಟ್ಟು ಕುಟುಂಬದಂತೆ ಬಾಳಿದರು. ಕೇರಿಯವರಿಗೆ ಫೋರ್ಟ್ ವಿಲಿಯಂ ಕಾಲೇಜಿನಿಂದ ಬರುತ್ತಿದ್ದ ಸಂಬಳ, ಮಾರ್ಷ್‌ಮನ್ ದಂಪತಿಗಳ ವಸತಿಶಾಲೆಗಳ ಆದಾಯ, ಮುದ್ರಣಾಲಯದ ಲಾಭ, ಎಲ್ಲವೂ ಒಂದೇ ಹುಂಡಿಗೆ ಬೀಳುತ್ತಿದ್ದವು. 1818ರಲ್ಲಿ ಅವರು ಕಾಲೇಜನ್ನು ಆರಂಭಿಸಿದಾಗ ಮೊದಲ ತರಗತಿಯಲ್ಲಿ 37 ವಿದ್ಯಾರ್ಥಿಗಳಿದ್ದರು. ಅಲ್ಲಿ ಕ್ರೈಸ್ತರೂ ಹಿಂದೂಗಳೂ ಕೂಡಿ ಕುಳಿತರು. ಧರ್ಮಬೋಧಕರಾಗುವವರಿಗೂ ಸಂಸ್ಕೃತ ಮತ್ತು ಪಾಶ್ಚಾತ್ಯ ವಿಜ್ಞಾನ ತಿಳಿದಿರಬೇಕೆಂಬುದು ಆ ಕಾಲೇಜಿನ ಮೂಲ ಸಂಕಲ್ಪ.

ಆದರೆ ಸ್ವಂತ ದುಡಿಮೆಯೊಂದರಿಂದಲೇ ಕಾಲೇಜು ನಡೆಯುವುದು ಕಷ್ಟ. ಹಣ ಕೇಳಲು ಹೊರಗಿನ ಯಾರನ್ನೂ ಅವರು ನೇಮಿಸಲಿಲ್ಲ. 1818ರ ಕೊನೆಯಲ್ಲಿ ವಾರ್ಡರು ಆರೋಗ್ಯ ಕೆಟ್ಟು ಸ್ವದೇಶಕ್ಕೆ ಹೊರಟಿದ್ದರು. ಆ ಹೊಣೆಯನ್ನು ಅವರ ಹೆಗಲಿಗೇ ಏರಿಸಿದರು. ವಿಶ್ರಾಂತಿ ಬೇಕಾಗಿದ್ದ ಆ ಮನುಷ್ಯ ಇಂಗ್ಲೆಂಡು, ಸ್ಕಾಟ್ಲೆಂಡು, ಹಾಲೆಂಡು, ಉತ್ತರ ಜರ್ಮನಿಗಳನ್ನು ಸುತ್ತಿ, 1820ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿಗೆ ಹಡಗು ಹತ್ತಿದರು. 1821ರ ಮೇ ತಿಂಗಳಲ್ಲಿ ಭಾರತಕ್ಕೆ ಹಿಂದಿರುಗುವಾಗ ಅವರ ಬಳಿ ಕಾಲೇಜಿಗೆಂದು 3,000 ಪೌಂಡುಗಳಿದ್ದವು. ಅಮೆರಿಕದಲ್ಲಿ ಸುಮಾರು 10,000 ಡಾಲರ್ ಕೂಡಿತ್ತು. 1823ರ ಮಾರ್ಚಿನಲ್ಲಿ ಅವರು ಕಾಲರಾಕ್ಕೆ ಬಲಿಯಾದರು.

ವಾರ್ಡರಿಗೆ ಹಣ ದೊರೆತದ್ದು ಏಕೆ? ಅವರು ತಾನು ಬಾಳಿದ್ದನ್ನೇ ಹೇಳುತ್ತಿದ್ದರು. ಅಚ್ಚಿನ ಮೊಳೆ ಜೋಡಿಸಿದ ಕೈ ಅದು. ಹಾಗೆಂದು ಅವರಲ್ಲಿ ದೋಷವಿರಲಿಲ್ಲವೆನ್ನಲಾರೆ. ನಮ್ಮ ದೇಶದ ಸತಿ ಪದ್ಧತಿ, ಸ್ತ್ರೀಯರ ಅನಕ್ಷರತೆಗಳನ್ನು ಕುರಿತು ಅವರು ಆಡಿದ ಮಾತುಗಳಲ್ಲಿ ಸತ್ಯವೂ ಇತ್ತು, ಕತ್ತಲನ್ನು ಮತ್ತಷ್ಟು ಕಪ್ಪಾಗಿ ಬಳಿಯುವ ಆತುರವೂ ಇತ್ತು. ದಾನ ಕೇಳುವವರನ್ನು ಸದಾ ಕಾಡುವ ಆಸೆ ಅದು.

ನಿಜವಾದ ಸಂಕಟ ಆಮೇಲೆ ಬಂದಿತು. ಅಮೆರಿಕದ ಹಣಕ್ಕೆ ಷರತ್ತೊಂದು ಅಂಟಿಕೊಂಡಿತು: ಅದನ್ನು ಧರ್ಮಬೋಧಕರ ಶಿಕ್ಷಣಕ್ಕೆ ಮಾತ್ರ ಬಳಸಬೇಕು, ವಿಜ್ಞಾನ ಪಾಠಕ್ಕೆ ಬಳಸಕೂಡದು. ಕೇರಿಯವರು ಕೆರಳಿದರು. ವಿಜ್ಞಾನವಿಲ್ಲದೆ ಬೋಧಕನನ್ನು ತಯಾರಿಸಲು ಸಾಧ್ಯವೇ, ನಿಮ್ಮ ದೇಶದಲ್ಲಿ ನೀವು ಹಾಗೆ ಮಾಡುತ್ತೀರಾ ಎಂಬ ಅರ್ಥದಲ್ಲಿ ಕಟುವಾಗಿ ಬರೆದರು. ದಾನಿಗಳ ಮುಂದೆ ಕೈಯೊಡ್ಡಿದ ಸಂಸ್ಥೆಯೇ ಅವರಿಗೆ ಹೀಗೆ ಪ್ರತ್ಯುತ್ತರ ಕೊಡಲು ಎಷ್ಟು ಧೈರ್ಯ ಬೇಕು, ಯೋಚಿಸಿರಿ.

1826ರಲ್ಲಿ ಮಾರ್ಷ್‌ಮನ್ನರು ಯೂರೋಪಿಗೆ ಹೋದರು. 1827ರಲ್ಲಿ ಡೆನ್ಮಾರ್ಕಿನ ದೊರೆ ಆರನೆಯ ಫ್ರೆಡರಿಕನಿಂದ ಪದವಿ ನೀಡುವ ಅಧಿಕಾರದ ಸನ್ನದು ದೊರೆಯಿತು. ಅದೇ ವರ್ಷ, ಆಸ್ತಿ ಮತ್ತು ಅಧಿಕಾರ ಯಾರದೆಂಬ ದೀರ್ಘ ವಿವಾದದ ಫಲವಾಗಿ, ಅವರನ್ನು ಕಳುಹಿಸಿದ್ದ ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಮಿಷನರಿ ಸೊಸೈಟಿಯೊಡನೆ ಸಂಬಂಧವೂ ಕಡಿದುಹೋಯಿತು. 1845ರಲ್ಲಿ ಸೆರಾಂಪುರವು ಬ್ರಿಟಿಷರ ವಶವಾದರೂ ಸನ್ನದು ಉಳಿಯಿತು. ಅದರ ಬಲದಿಂದಲೇ 1915ರಲ್ಲಿ ಮೊದಲ ಬಿ.ಡಿ. ಪದವಿಗಳು ಪ್ರದಾನವಾದವು. ಇಂದು ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಾಗಲಿ ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಾಗಲಿ ಬಿ.ಡಿ. ಪಡೆಯುವವರ ಪದವಿಪತ್ರದ ಮೇಲೆ ಸೆರಾಂಪುರದ ಹೆಸರಿರುತ್ತದೆ.

ಈ ಕಥೆಯನ್ನು ನಾನು ನಿರ್ಲಿಪ್ತನಾಗಿ ಹೇಳಲಾರೆ. ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಶಾಲೆಗೆ ಪ್ರಯೋಗಾಲಯ ಬೇಕೆಂದು ಒಬ್ಬ ಶ್ರೀಮಂತರ ಮನೆಗೆ ಹೋಗಿದ್ದೆ. ಅವರು ತಂದೆಯ ಹೆಸರಿನಲ್ಲಿ ರಂಗಮಂಟಪ ಕಟ್ಟಿಸುವುದಾದರೆ ಹಣ ಕೊಡುವೆನೆಂದರು. ಸಹೋದ್ಯೋಗಿಗಳನ್ನು ಒಂದು ಮಾತೂ ಕೇಳದೆ ನಾನು ಅಲ್ಲಿಯೇ ತಲೆಯಾಡಿಸಿದೆ. ರಂಗಮಂಟಪವೇನೋ ಎದ್ದಿತು. ನೀವೆಲ್ಲರೂ ಅದರ ಮೇಲೆ ನಾಟಕವಾಡಿದಿರಿ. ಆದರೆ ಪಿಪೆಟ್ಟು ಬ್ಯೂರೆಟ್ಟುಗಳನ್ನು ಮುಟ್ಟದೆಯೇ ಎಷ್ಟೋ ತಂಡಗಳು ಹತ್ತನೆಯ ತರಗತಿ ಮುಗಿಸಿದವು. ದಾನಿಗಳದೇನೂ ತಪ್ಪಿಲ್ಲ, ತಪ್ಪು ತಲೆಯಾಡಿಸಿದವನದು.

ಆದುದರಿಂದ ನನ್ನ ವಿದ್ಯಾರ್ಥಿಗೆ ಹೇಳಿದೆ: "ಬ್ಯಾಂಕಿನವರೋ ಸಭಾಪಾಲಕರೋ ಎಂಬುದನ್ನು ಆಮೇಲೆ ನೋಡು. ಮೊದಲು ಇಬ್ಬರಿಗೂ ಒಂದೇ ಪ್ರಶ್ನೆ ಕೇಳು. ದಾನಿಯೊಬ್ಬ ಒಂದು ಕೋಟಿ ಕೊಡುತ್ತೇನೆ, ಆದರೆ ಇಂಥ ಪಾಠ ನಿಲ್ಲಿಸಬೇಕು ಎಂದರೆ ನೀವೇನು ಹೇಳುವಿರಿ? ಸಂದರ್ಶನದಲ್ಲಿ ಪಾಠ ಮಾಡುವ ಅಧ್ಯಾಪಕರೊಬ್ಬರನ್ನೂ ಕೂರಿಸು. ಸಂಗ್ರಹದಲ್ಲಿ ಇಂತಿಷ್ಟು ಶೇಕಡಾ ಎಂದು ಮಾತ್ರ ಸಂಬಳ ಗೊತ್ತುಮಾಡಬೇಡ." ಈ ಕೊನೆಯ ಮಾತು ನನ್ನ ಸ್ವಂತದ್ದಲ್ಲ, ಅಮೆರಿಕದ ನಿಧಿ ಸಂಗ್ರಾಹಕರ ವೃತ್ತಿಸಂಘದ ನೀತಿಸಂಹಿತೆಯೂ ಅದನ್ನು ನಿಷೇಧಿಸಿದೆ. ಪಾಲು ಸಿಗುವುದಾದರೆ ಯಾವ ಷರತ್ತೂ ಕಹಿಯೆನಿಸುವುದಿಲ್ಲ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ ಹೊರದೇಶದ ಹಣದಲ್ಲಿ ಆಡಳಿತ ವೆಚ್ಚಕ್ಕೆ ಶೇಕಡಾ 20ಕ್ಕಿಂತ ಹೆಚ್ಚು ಬಳಸುವಂತಿಲ್ಲ. ಆದ್ದರಿಂದ ಇನ್ನು ಊರವರ ಬಾಗಿಲನ್ನೇ ಹೆಚ್ಚಾಗಿ ತಟ್ಟಬೇಕೆಂದೂ ನೆನಪಿಸಿದೆ.

ಹದಿನೈದು ದಿನಗಳ ನಂತರ ಅವನು ಮತ್ತೆ ಕರೆ ಮಾಡಿದನು. ಸಭಾಪಾಲಕರು, "ಹಣ ಮೊದಲು ಬರಲಿ, ಪಾಠದ ವಿಷಯ ಆಮೇಲೆ ನೋಡೋಣ" ಎಂದರಂತೆ. ಬ್ಯಾಂಕಿನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಉತ್ತರಿಸುವ ಅಧಿಕಾರ ನನಗಿಲ್ಲ. ಹಿಂದಿರುಗಿ ನಿಮ್ಮ ಅಧ್ಯಾಪಕರನ್ನು ಕೇಳುತ್ತೇನೆ" ಎಂದರಂತೆ. ನಾನು ಒಳಗೊಳಗೇ ಬೇರೆಯ ಫಲವನ್ನು ನಿರೀಕ್ಷಿಸಿದ್ದೆ. ಇತಿಹಾಸ ಓದಿದವನಿಗೂ ಮನುಷ್ಯರನ್ನು ಮೊದಲೇ ಅಳೆಯುವುದು ಸಾಧ್ಯವಿಲ್ಲ.

ಬ್ಯಾಂಕಿನವರು ಬರುವ ತಿಂಗಳು ಕೆಲಸಕ್ಕೆ ಸೇರುತ್ತಾರೆ. ಮೊದಲ ಒಂದು ವಾರ ಅವರು ಯಾವ ದಾನಿಯನ್ನೂ ಕಾಣದೆ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಕೇಳಬೇಕೆಂದು ಮಂಡಳಿ ತೀರ್ಮಾನಿಸಿದೆಯಂತೆ. ಮೇಷ್ಟ್ರಾದ ನನಗೆ ಅದು ಬಹಳ ಹಿಡಿಸಿತು.